ಹೊಗೆ ಕಾಣದ ಉರಿಗೂ ದಾರಿ ಬೇಕು

"ಗ್ಯಾಸಿಗೆ ಹೊಗೆ ಎಲ್ಲಿದೆ, ಚಿಮಣಿ ಯಾಕೆ?" ಶಿಕಾರಿಪುರ, ಸೊರಬದ ಕಡೆ ಹಂಡೆ ಒಲೆ ಕೆಡವಿ ಗ್ಯಾಸ್ ಗೀಸರ್ ಹಾಕಿಸುವವರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ತಾಳ್ಮೆ ಕೆಡುತ್ತದೆ. ಓದಿದವರೂ ಹೀಗೇ ಹೇಳುತ್ತಾರೆ, ಕೂರಿಸಲು ಬಂದವನೂ ತಲೆಯಾಡಿಸುತ್ತಾನೆ. ಕೊನೆಗೆ ಗೀಸರು ಬಚ್ಚಲ ಒಳಗೋಡೆಗೇ ಏರುತ್ತದೆ.

ಸೌದೆ ಒಲೆಯ ಹೊಗೆ ಕಣ್ಣು ಉರಿಸಿ ನಮ್ಮನ್ನು ಹೊರಗೆ ಓಡಿಸುತ್ತಿತ್ತು. ಮೇಲೆ ಹೆಂಚಿನ ಸಂದು, ಕೆಳಗೆ ಬಾಗಿಲ ಸಂದು. ಚಿಮಣಿ ಇಲ್ಲದ ಹಳೆಯ ಬಚ್ಚಲಿಗೆ ಇಡೀ ಮಾಡೇ ಚಿಮಣಿ. ಈಗ ಆ ಜಾಗದಲ್ಲಿ ತಾರಸಿ, ಟೈಲ್ಸ್, ಬಿಗಿಯಾದ ಬಾಗಿಲು. ಮಳೆಗಾಲದ ಎರಚಲಿಗೆ, ಚಳಿಗೆ ಕಿಂಡಿಯ ಗಾಜೂ ಮುಚ್ಚಿರುತ್ತದೆ. ಉರಿ ಬದಲಾಯಿಸಿದವರು ಗಾಳಿಯ ದಾರಿಯನ್ನೂ ಮುಚ್ಚಿಬಿಟ್ಟರು.

1 ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. 5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲಲ್ಲಿ ಇರುವುದೇ ಸುಮಾರು 9 ಘನ ಮೀಟರ್. ಅಷ್ಟೂ ಮುಗಿಯುವ ತನಕ ಅಪಾಯ ಕಾಯುವುದಿಲ್ಲ. ಗಾಳಿಯಲ್ಲಿ ಶೇಕಡಾ 21ರಷ್ಟಿರುವ ಆಮ್ಲಜನಕ ಸ್ವಲ್ಪ ಇಳಿದರೂ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆ ಭಾರವಾಗುತ್ತದೆ, ಕಾಲು ಸೋಲುತ್ತದೆ. ಚಿಲಕ ತೆಗೆಯಬೇಕೆಂದು ಹೊಳೆಯುವಷ್ಟರಲ್ಲಿ ಕೈ ಏಳುವುದಿಲ್ಲ. ನಲ್ಲಿ ತೆರೆದಿರುವಷ್ಟು ಹೊತ್ತೂ ಗೀಸರ್ ಉರಿಯುತ್ತಲೇ ಇರುತ್ತದೆ, ಬಿದ್ದವರ ತಲೆಯ ಮೇಲೆಯೇ.

"ಸೋರಿದರೆ ವಾಸನೆ ಬರುತ್ತದಲ್ಲ" ಎನ್ನುವವರಿಗೆ: ಆ ವಾಸನೆ ಉರಿಯದ ಗ್ಯಾಸಿಗೆ ಬೆರೆಸಿದ ಮರ್ಕ್ಯಾಪ್ಟನ್‌ನದು, ಉರಿಯುವಾಗ ಅದೂ ಸುಟ್ಟುಹೋಗುತ್ತದೆ. ನೀಲಿ ಜ್ವಾಲೆಯೂ ಖಾತರಿಯಲ್ಲ. ಗಾಳಿ ಒಳಬರಲು ಜಾಗವಿಲ್ಲದ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ತಿರುಗಿದರೂ ಪ್ರಯೋಜನವಿಲ್ಲ. ಕಿಂಡಿ ಮೇಲಿದ್ದರೆ ಸೋರಿದ ಗ್ಯಾಸೂ ಹೋಗುತ್ತದೆ ಎಂಬುದೂ ಸುಳ್ಳು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ತಂಗುತ್ತದೆ.

ಬಚ್ಚಲಲ್ಲಿ ಬಿದ್ದವರಿಗೆ ಬಿ.ಪಿ. ಇಳಿದಿದೆ, ಮೂರ್ಛೆರೋಗವಿದೆ, ದೃಷ್ಟಿಯಾಗಿದೆ ಎಂದೆಲ್ಲ ನಂಬುವುದು ಇನ್ನೂ ಬೇಸರದ ಸಂಗತಿ. ಬಿಸಿನೀರು ತಲೆಗೆ ಬಿದ್ದಾಗ ಬರುವ ಅಪಸ್ಮಾರ ನಿಜವಾಗಿಯೂ ಇದೆ, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅದರ ಬಗ್ಗೆ ಅಧ್ಯಯನ ನಡೆಸಿದ್ದಾರೆ. ಆದರೆ ಗ್ಯಾಸ್ ಗೀಸರ್ ಇರುವ ಬಚ್ಚಲಲ್ಲಿ ಬಿದ್ದವರಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಬೇಕು. ನಿಂಬೆಹಣ್ಣು ಇಳಿ ತೆಗೆದು ಅದೇ ಬಚ್ಚಲಿಗೆ ಮತ್ತೆ ಸ್ನಾನಕ್ಕೆ ಕಳಿಸುವುದನ್ನು ಒಪ್ಪಲಾರೆ. ಪಕ್ಕದ ಮನೆಯಲ್ಲಿ ಏನೂ ಆಗಿಲ್ಲ ಎಂಬುದು ಪುರಾವೆಯಲ್ಲ. ಅವರ ಕಿಂಡಿಗೆ ಗಾಜಿಲ್ಲದಿರಬಹುದು.

ಹೊಸಮನೆ ಕಟ್ಟಿಸುವವರು, ಒಲೆ ಕೆಡವುವವರು ಪ್ಲಂಬರ್‌ಗೆ ಈಗಲೇ ಹೇಳಿಬಿಡಿ: ಗೀಸರೂ ಸಿಲಿಂಡರೂ ಹಿತ್ತಲ ಕಡೆಯ ಹೊರಗೋಡೆಯಲ್ಲಿ, ಮಳೆ ತಾಗದ ಸೂರಿನಡಿ, ತೆರೆದ ಗಾಳಿಗೆ ಇರಲಿ, ಒಳಕ್ಕೆ ಬಿಸಿನೀರಿನ ಪೈಪ್ ಮಾತ್ರ ಬರಲಿ. ಈಗಾಗಲೇ ಒಳಗೆ ಹಾಕಿಸಿದವರು ಅದನ್ನು ಹೊರಗೆ ಸಾಗಿಸುವ ತನಕ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ಕಿಟಕಿ ತೆರೆದು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ.