ನಿಮಗಿದು ಗೊತ್ತೆ? ದವಡೆಗೆ ಹಲ್ಲು ಕೂರಿಸುವ ದಾರಿ ಒಂದೇ ಅಲ್ಲ

1965ರಲ್ಲಿ ಸ್ವೀಡನ್ನಿನ ಯೋಸ್ಟಾ ಲಾರ್ಸನ್ ಎಂಬವರ ದವಡೆಗೆ ವೈದ್ಯ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಕೃತಕ ಹಲ್ಲುಗಳಿಗೆ ಆಧಾರವಾಗಿ ಟೈಟಾನಿಯಂ ತಿರುಪುಗಳನ್ನು ಕೂರಿಸಿದರು. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ ಅವು ಕೆಲಸಕ್ಕೆ ಬಂದವು! ಬ್ರೋನೆಮಾರ್ಕ್ ಪದ್ಧತಿಯಲ್ಲಿ ಶಸ್ತ್ರಚಿಕಿತ್ಸೆ ಎರಡು ಸಲ. ಮೊದಲು ತಿರುಪನ್ನು ಒಸಡಿನಡಿ ಮುಚ್ಚಿ ಹೊಲಿದು, ಅದು ಮೂಳೆಗೆ ಬೆಸೆಯಲು ಕೆಳದವಡೆಯಾದರೆ 3–4 ತಿಂಗಳು, ಮೂಳೆ ಮೆದುವಾದ ಮೇಲ್ದವಡೆಯಾದರೆ 6 ತಿಂಗಳು ಕಾಯಬೇಕು. ಆಮೇಲೆ ಒಸಡು ಬಿಡಿಸಿ ಹಲ್ಲಿನ ಜೋಡಣೆ. ಸ್ವಿಟ್ಜರ್ಲೆಂಡಿನ ಆಂದ್ರೆ ಶ್ರೋಡರ್ ತಂಡ ತಿರುಪಿನ ತಲೆಯನ್ನು ಒಸಡಿನಾಚೆಗೇ ಬಿಟ್ಟು, ಒಂದೇ ಶಸ್ತ್ರಚಿಕಿತ್ಸೆ ಸಾಕೆಂದು ತೋರಿಸಿತು.

ಒಸಡು ಬಿಡಿಸದೆ ಸಣ್ಣ ರಂಧ್ರದಲ್ಲೇ ಕೂರಿಸುವುದೂ ಉಂಟು. ನೋವು, ಬಾವು ಕಡಿಮೆ. ಆದರೆ ವೈದ್ಯರ ಕಣ್ಣಿಗೆ ಮೂಳೆ ಕಾಣದು. ಸ್ಕ್ಯಾನ್ ಇಲ್ಲದೆ ಇದಕ್ಕೆ ಒಪ್ಪದಿರುವುದೇ ಲೇಸು. ತಿರುಪು ಬಿಗಿಯಾಗಿ ಕೂರದಿದ್ದರೆ ಹಳೆಯ ಎರಡು ಹಂತದ ದಾರಿಯೇ ಸುರಕ್ಷಿತ. ನಿಮಗೆ ಯಾವ ವಿಧಾನ, ಏಕೆ ಎಂದು ವೈದ್ಯರನ್ನು ಮೊದಲೇ ಕೇಳಿ.