ಬಿರುಕಿಗೆ ನೋಟಿಸ್ ಉಂಟು, ದುರಸ್ತಿಗೆ ದುಡ್ಡಿಲ್ಲ

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ 25ರಂದು ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗಾಗಿ 1892ರಲ್ಲಿ ಕಟ್ಟಿದ ಕಟ್ಟಡವದು. ಅಲ್ಲಿನ ಹಳೇ ಪುಸ್ತಕದಂಗಡಿಗಳಲ್ಲಿ ಊರಿನ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು ಓದಿದ್ದಾರೆ. ಕೂಗಳತೆ ದೂರದಲ್ಲಿ ದೇವರಾಜ ಮಾರುಕಟ್ಟೆಯಿದೆ. 2016ರ ಆಗಸ್ಟ್ 28ರಂದು, ದುರಸ್ತಿ ನಡೆಯುತ್ತಿದ್ದಾಗಲೇ, ಅದರ ಧನ್ವಂತರಿ ರಸ್ತೆ ಕಡೆಯ ಭಾಗ ಉರುಳಿತು. ಎರಡೂ ಮಳೆಗಾಲದಲ್ಲಿ ಬಿದ್ದವು. ಎರಡಕ್ಕೂ ಮಾಲೀಕ ಮಹಾನಗರ ಪಾಲಿಕೆಯೇ.

ಈ ಕೊನೆಯ ಸಂಗತಿಯನ್ನು ಗಮನಿಸಬೇಕು. ಅಪಾಯದ ಕಟ್ಟಡ ಎಂದೊಡನೆ ಹಟಮಾರಿ ಖಾಸಗಿ ಮಾಲೀಕನೊಬ್ಬ ಕಣ್ಣಮುಂದೆ ಬರುತ್ತಾನೆ. ಕಾನೂನು ಕೂಡ ಅವನನ್ನು ಎದುರಿಗಿಟ್ಟುಕೊಂಡೇ ಮಾತಾಡುತ್ತದೆ. ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976ರ 322ನೇ ಪ್ರಕರಣದಂತೆ ಕಟ್ಟಡ ಅಪಾಯಕಾರಿ ಎಂದು ಕಂಡರೆ ಆಯುಕ್ತರು ಮಾಲೀಕನಿಗೆ ಅಥವಾ ಅದರಲ್ಲಿ ಇರುವವರಿಗೆ ನೋಟಿಸ್ ಕೊಟ್ಟು, ಬೇಲಿ ಹಾಕಿ, ಭದ್ರಪಡಿಸಿ, ದುರಸ್ತಿ ಮಾಡಿ ಅಥವಾ ಕೆಡವಿ ಎಂದು ಹೇಳಬಹುದು. ತಕ್ಷಣದ ಅಪಾಯವಿದ್ದರೆ ಪಾಲಿಕೆಯೇ ಕೈಹಾಕಿ, ಖರ್ಚನ್ನು ಮಾಲೀಕನಿಂದ ವಸೂಲು ಮಾಡಬಹುದು. ಆದರೆ ಕಟ್ಟಡ ಪಾಲಿಕೆಯದೇ ಆಗಿದ್ದಾಗ ನೋಟಿಸ್ ಹೋಗುವುದು ಬಾಡಿಗೆದಾರನಿಗೆ ಮಾತ್ರ. ಮಾಲೀಕನನ್ನು ಪ್ರಶ್ನಿಸುವವರು ಯಾರೂ ಉಳಿಯುವುದಿಲ್ಲ.

ಕಟ್ಟಡ ನಿಲ್ಲುತ್ತದೋ ಬೀಳುತ್ತದೋ ಎಂಬುದನ್ನು ಕಣ್ಣಳತೆಯಲ್ಲಿ ಹೇಳಲಾಗದು. ಎಂಜಿನಿಯರುಗಳ ಹಳೆಯ ಉಪಾಯವೊಂದಿದೆ: ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಅಂಟಿಸಿ ದಿನಾಂಕ ಬರೆದಿಡುವುದು. ಬಿರುಕು ಹಳೆಯದಾಗಿ ಸುಮ್ಮನಿದ್ದರೆ ಗಾಜು ಹಾಗೆಯೇ ಇರುತ್ತದೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಇಷ್ಟು ಅಗ್ಗದ ಪರೀಕ್ಷೆ ಬೇರೊಂದಿಲ್ಲ. ಕಾಂಕ್ರೀಟ್ ಕಟ್ಟಡಗಳಿಗೆ ಸುತ್ತಿಗೆಯ ಪುಟಿತ ಅಳೆಯುವ, ಶಬ್ದತರಂಗ ಹಾಯಿಸುವ, ತುಣುಕು ಕೊರೆದು ತೆಗೆಯುವ ಪರೀಕ್ಷೆಗಳಿವೆ. ಕಂಬಿ ತುಕ್ಕು ಹಿಡಿದು ಉಬ್ಬಿದಾಗ ಸುತ್ತಲಿನ ಕಾಂಕ್ರೀಟ್ ಸಿಪ್ಪೆಯಂತೆ ಎದ್ದು ಬರುತ್ತದೆ. ಸುಣ್ಣದ ಗಾರೆಯ ಹಳೆಯ ಕಟ್ಟಡಗಳಿಗೆ ದೊಡ್ಡ ಶತ್ರು ನೀರು. ತಾರಸಿಯ ಮಳೆನೀರಿನ ಕೊಳವೆ ಕಟ್ಟಿಕೊಳ್ಳುತ್ತದೆ, ಗೋಡೆ ನೆನೆಯುತ್ತದೆ, ಗಾರೆ ಸಡಿಲವಾಗುತ್ತದೆ. ಹಕ್ಕಿ ಹಾಕಿದ ಬೀಜದಿಂದ ಸಂದಿಯಲ್ಲಿ ಅರಳಿಯ ಸಸಿಯೊಂದು ಚಿಗುರುತ್ತದೆ. ಗೇಣುದ್ದದ ಆ ಸಸಿಯನ್ನು ಮೊದಲ ವರ್ಷವೇ ಕಿತ್ತರೆ ಖರ್ಚು ಒಬ್ಬ ಆಳಿನ ಅರ್ಧ ದಿನದ ಕೂಲಿ. ಹತ್ತು ವರ್ಷ ಬಿಟ್ಟರೆ ಬೇರು ಗೋಡೆಯನ್ನೇ ಸೀಳುತ್ತದೆ.

ವಯಸ್ಸಾದ ಕಟ್ಟಡವೆಲ್ಲ ಅಪಾಯಕಾರಿಯಲ್ಲ, ಹೊಸದೆಲ್ಲ ಭದ್ರವೂ ಅಲ್ಲ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಬಿದ್ದದ್ದೂ, ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ 22ರಂದು ಬಿದ್ದದ್ದೂ ಇನ್ನೂ ಕಟ್ಟುತ್ತಿದ್ದ ಕಟ್ಟಡಗಳು. ಮೊದಲನೆಯದರಲ್ಲಿ 19, ಎರಡನೆಯದರಲ್ಲಿ 9 ಮಂದಿ ಸತ್ತರು. ಶಿಥಿಲ ಕಟ್ಟಡಗಳ ಪಟ್ಟಿಯನ್ನು ವಯಸ್ಸು ನೋಡಿ ಬರೆಯುವುದು ಸುಲಭ, ಆದರೆ ಅದು ಸಾಲದು.

ಕೆಡಹುವ ತೀರ್ಮಾನಕ್ಕೆ ಬಂದ ಮೇಲೂ ಕೆಲಸ ಸಲೀಸಲ್ಲ. ದೇವರಾಜ ಮಾರುಕಟ್ಟೆಯ ವಿಚಾರದಲ್ಲಿ ರಚನಾ ತಜ್ಞರ ಒಂದು ಪಾಳಯ ಕೆಡವಿ ಹೊಸದಾಗಿ ಕಟ್ಟುವುದೇ ಸರಿ ಎಂದಿತು. ಪಾರಂಪರಿಕ ತಜ್ಞರು ಉಳಿಸಬಹುದು ಎಂದರು. ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲೇರಿತು. ಲ್ಯಾನ್ಸ್‌ಡೌನ್ ಕಟ್ಟಡದ ಜೀರ್ಣೋದ್ಧಾರ ಶುರುವಾಗಿ ಅರ್ಧಕ್ಕೆ ನಿಂತಿತು. ಇವೆಲ್ಲದರ ನಡುವೆ ಹೂವು, ವೀಳ್ಯದೆಲೆ, ಕುಂಕುಮ ಮಾರುವವರ ಆತಂಕ ಒಂದೇ: ಒಮ್ಮೆ ಜಾಗ ಬಿಟ್ಟರೆ ಅದೇ ಮಳಿಗೆ ಮತ್ತೆ ಸಿಗುತ್ತದೆಯೇ? ತಾತ್ಕಾಲಿಕ ಮಳಿಗೆ ಎಲ್ಲಿ, ಎಷ್ಟು ದಿನಕ್ಕೆ, ಎಷ್ಟು ಬಾಡಿಗೆಗೆ ಎಂದು ಬರಹದಲ್ಲಿ ಕೊಡದೆ ಯಾವ ವ್ಯಾಪಾರಿಯೂ ಒಪ್ಪಲಾರ, ಒಪ್ಪಬೇಕಾಗಿಯೂ ಇಲ್ಲ.

ಇದೆಲ್ಲಕ್ಕೂ ಹಣ ಬೇಕು, ಅದು ಬಜೆಟ್ಟಿನಲ್ಲಿ ಇರಬೇಕು. ಪಾಲಿಕೆಯ ಬಜೆಟ್ಟನ್ನು ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರು ಕೌನ್ಸಿಲ್ ಮುಂದೆ ಮಂಡಿಸುತ್ತಾರೆ. ಸ್ವಂತ ಆದಾಯದಲ್ಲಿ ಮುಖ್ಯವಾದದ್ದು ಆಸ್ತಿ ತೆರಿಗೆ. ಅದರ ಜೊತೆಗೆ ನೀರಿನ ಶುಲ್ಕ, ಉದ್ದಿಮೆ ಪರವಾನಗಿ, ಮಳಿಗೆಗಳ ಬಾಡಿಗೆ ಬರುತ್ತವೆ. ಹೊರಗಿನಿಂದ ರಾಜ್ಯ ಹಣಕಾಸು ಆಯೋಗದ ಮತ್ತು ಕೇಂದ್ರ ಹಣಕಾಸು ಆಯೋಗದ ಅನುದಾನ ಸಿಗುತ್ತದೆ. ತೆರಿಗೆಯ ಜೊತೆ ಕಟ್ಟುವ ಗ್ರಂಥಾಲಯ ಕರ, ಭಿಕ್ಷುಕರ ಕರ ಪಾಲಿಕೆಯ ಕೈಗೆ ಬಂದರೂ ಅದರ ಹಣವಲ್ಲ. ಪೌರಕಾರ್ಮಿಕರ ವೇತನ, ಬೀದಿದೀಪ ಮತ್ತು ನೀರೆತ್ತುವ ಪಂಪುಗಳ ವಿದ್ಯುತ್ ಬಿಲ್, ಕಸ ಸಾಗಣೆ, ಹಳೆಯ ಕಾಮಗಾರಿಗಳ ಬಾಕಿ ಕಳೆದ ಮೇಲೆ ಕೈಯಲ್ಲಿ ಉಳಿಯುವುದು ಸ್ವಲ್ಪ.

ಅಂದುಕೊಂಡಷ್ಟು ತೆರಿಗೆ ವಸೂಲಾಗದಿದ್ದರೆ ಮೊದಲು ಕತ್ತರಿ ಬೀಳುವುದು ಕಟ್ಟಡ ನಿರ್ವಹಣೆಗೆ. ರಸ್ತೆಗೆ ಡಾಂಬರು ಬೀಳದಿದ್ದರೆ ವಾರ್ಡಿನ ಜನ ಸದಸ್ಯರ ಮನೆ ಬಾಗಿಲಿಗೆ ಹೋಗುತ್ತಾರೆ. ತಾರಸಿಯ ಕೊಳವೆ ಕಟ್ಟಿಕೊಂಡದ್ದಕ್ಕೆ ಯಾರೂ ಹೋಗುವುದಿಲ್ಲ. ನಿರ್ವಹಣೆಯನ್ನು ಮುಂದಕ್ಕೆ ಹಾಕಿ ತೋರಿಸಿದ ಉಳಿತಾಯ ಬಜೆಟ್ ನಿಜವಾದ ಉಳಿತಾಯವಲ್ಲ. ಅದು ಮುಂದಿನ ಕೌನ್ಸಿಲ್ಲಿನ ತಲೆಗೆ ಕಟ್ಟಿದ ಸಾಲ. ಮಾರುಕಟ್ಟೆಯ ಬಾಡಿಗೆಯನ್ನು ಕಾಲಕಾಲಕ್ಕೆ ಪರಿಷ್ಕರಿಸಿ, ಒಳಬಾಡಿಗೆ ತಡೆದು, ಬಂದದ್ದರಲ್ಲಿ ಒಂದು ಪಾಲನ್ನು ಆ ಕಟ್ಟಡಕ್ಕೇ ಮೀಸಲಿಟ್ಟರೆ ಮಾರುಕಟ್ಟೆ ತನ್ನ ಖರ್ಚನ್ನು ತಾನೇ ತೂಗಿಸಬಲ್ಲದು.

ಚುನಾಯಿತ ಕೌನ್ಸಿಲ್ ಇಲ್ಲದಿದ್ದರೆ ಪ್ರಶ್ನಿಸುವವರು ಇನ್ನೂ ಕಡಿಮೆಯಾಗುತ್ತಾರೆ. ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಅದರ ಬಜೆಟ್‌ಗಳು ಸಿದ್ಧವಾದದ್ದು ಆಡಳಿತಾಧಿಕಾರಿಯ ಕೆಳಗೆ.

ಕಟ್ಟಡ ಬೀಳುವುದು ಆಗಸ್ಟಿನ ಮಳೆಯಲ್ಲಾದರೂ ಅದನ್ನು ಉಳಿಸುವ ಹಣ ನಿಗದಿಯಾಗುವುದು ಏಪ್ರಿಲ್‌ಗೆ ಮುಂಚಿನ ಬಜೆಟ್ಟಿನಲ್ಲಿ. ಅದಕ್ಕೂ ಮೊದಲು ನಗರಸಭೆ, ಪಾಲಿಕೆಗಳು ಸಾರ್ವಜನಿಕರನ್ನು ಬಜೆಟ್ ಪೂರ್ವಭಾವಿ ಸಭೆಗೆ ಕರೆಯುತ್ತವೆ. ನಮ್ಮೂರಿನ ಮಾರುಕಟ್ಟೆ, ಶಾಲೆ, ವಾಣಿಜ್ಯ ಮಳಿಗೆಗಳನ್ನು ಕೊನೆಯ ಸಲ ತಪಾಸಣೆ ಮಾಡಿದ್ದು ಯಾವಾಗ, ಅವುಗಳ ದುರಸ್ತಿಗೆ ಈ ವರ್ಷ ಎಷ್ಟು ಇಟ್ಟಿದ್ದೀರಿ, ಕಳೆದ ವರ್ಷ ಇಟ್ಟದ್ದರಲ್ಲಿ ಎಷ್ಟು ಖರ್ಚಾಗಿದೆ ಎಂದು ತೆರಿಗೆ ಕಟ್ಟುವವರು ಆ ಸಭೆಗೆ ಹೋಗಿ ಕೇಳಬೇಕು.