ರೈಲುದಾರಿಯಲ್ಲಿ ಎಚ್ಚರಿಕೆ

ಗಾಡಿಯಲ್ಲಿ ಸುಖವಾಗಿ ಕುಳಿತು ಪ್ರಯಾಣಮಾಡುವ ನಾವು ಕಂಬಿಯ ಬದಿಯಲ್ಲಿ ಹಾರೆ ಹಿಡಿದು ನಿಂತ ಗ್ಯಾಂಗಿನವರನ್ನು ಕ್ಷಣಮಾತ್ರ ಕಂಡು ಮರೆಯುತ್ತೇವೆ. ಅವರ ಪ್ರಾಣಕ್ಕೆ ರಕ್ಷಣೆ ಯಾವುದು?

ಗಂಟೆಗೆ 110 ಕಿಲೋಮೀಟರ್ ವೇಗದ ಗಾಡಿಯು ಸೆಕೆಂಡಿಗೆ ಸುಮಾರು 30 ಮೀಟರ್ ಸಾಗುತ್ತದೆ. 600 ಮೀಟರ್ ದೂರದಲ್ಲಿ ಕಂಡದ್ದು 20 ಸೆಕೆಂಡಿನೊಳಗೆ ಮೈಮೇಲೆ ಬಂದಿರುತ್ತದೆ. ಚಾಲಕನು ಕಂಡೊಡನೆ ಅದನ್ನು ನಿಲ್ಲಿಸಲಾರನು. ಆದುದರಿಂದಲೇ ಬ್ರಾಡ್‌ಗೇಜ್ ದಾರಿಯಲ್ಲಿ ಗಾಡಿಯನ್ನು ತಡೆದು ಕೆಲಸಮಾಡುವಾಗ 600 ಮೀಟರಿನಲ್ಲಿ ದಾರಿಗೆ ಅಡ್ಡಲಾಗಿ ಕೆಂಪು ಬಾವುಟವನ್ನು ಕಟ್ಟುವರು. 1200 ಮೀಟರಿನಲ್ಲಿ, ಹತ್ತು ಹತ್ತು ಮೀಟರ್ ಅಂತರವಿಟ್ಟು, ಡಿಟೊನೇಟರೆಂಬ ಮೂರು ಸಿಡಿಬಿಲ್ಲೆಗಳನ್ನು ಕಂಬಿಯ ಮೇಲೆ ಇಡುವರು. ಚಕ್ರವು ತುಳಿದೊಡನೆ ಇವು ಸಿಡಿಯುತ್ತವೆ. ಮಂಜಿನಲ್ಲಿ ಕಣ್ಣು ಸೋತರೂ ಚಾಲಕನ ಕಿವಿ ಎಚ್ಚರಗೊಳ್ಳುವುದು.

ಬೆಂಗಳೂರು–ಮೈಸೂರು ಮಾರ್ಗದಂತೆ ಜೋಡಿದಾರಿ ಇರುವೆಡೆ ಇನ್ನೊಂದು ಅಪಾಯವುಂಟು. ಒಂದು ಗಾಡಿಯ ಸದ್ದು ಮತ್ತೊಂದರ ಸದ್ದನ್ನು ನುಂಗಿಬಿಡುತ್ತದೆ. ಆದಕಾರಣ ಪಕ್ಕದ ದಾರಿಗೆ ಸರಿಯದೆ ಎರಡರಿಂದಲೂ ಹೊರಗೆ ಬರಬೇಕು. ಕಂಬಿಯನ್ನು ಬಿಟ್ಟು ಒಂದು ಹೆಜ್ಜೆ ಸರಿದರೂ ಸಾಲದು. ಕಂಬಿಗಳ ನಡುವಣ ಅಂತರ 1676 ಮಿಲಿಮೀಟರ್. ಡಬ್ಬಿಯ ಅಗಲವೋ ಮೂರು ಮೀಟರಿಗೂ ಹೆಚ್ಚು. ಎರಡು ಬದಿಯಲ್ಲಿಯೂ ಅದು ಹೊರಚಾಚಿರುತ್ತದೆ.

ಇಷ್ಟು ಕಾವಲಿದ್ದರೂ ಗ್ಯಾಂಗಿನವರು ಕ್ಷಣವೂ ಮೈಮರೆಯುವಂತಿಲ್ಲ. ಹತ್ತಿರದ ಹಾದಿಯೆಂದು ಕಂಬಿ ದಾಟುವ ನಮಗಾದರೋ ಬಾವುಟವೂ ಇಲ್ಲ, ಕಾವಲುಗಾರನೂ ಇಲ್ಲ. 1989ರ ರೈಲ್ವೆ ಕಾಯಿದೆಯು ಇಂತಹ ಅಕ್ರಮ ಪ್ರವೇಶವನ್ನು ಅಪರಾಧವೆಂದಿದೆ. ಶಿಕ್ಷೆಗೆ ಅಂಜಿ ಅಲ್ಲ, ಆ 20 ಸೆಕೆಂಡುಗಳನ್ನು ನೆನೆದು ನಾವು ಮೇಲುಸೇತುವೆಯನ್ನು ಹತ್ತೋಣ.